ಮಗಳ ಆಪರೇಷನ್ನಿಗೆ ತಾಯಿ ಬೇಡವೇ?

ಪ್ರಶ್ನೆ: ಮೇಡಂ, ನಾನು ಮೊಳಕಾಲ್ಮೂರು ತಾಲ್ಲೂಕು ದೇವಸಮುದ್ರ ಹೋಬಳಿಯ ರೈತ. ಸ್ವಲ್ಪ ಶೇಂಗಾ ಹೊಲ, ಒಂದಿಷ್ಟು ಕುರಿ ಇವೆ. ಮೂರನೇ ಕ್ಲಾಸಿನ ಮಗ, ಐದು ವರ್ಷದ ಮಗಳು. ಮಗಳಿಗೆ ಮೊದಲಿಂದ ನೆಗಡಿ ಕೆಮ್ಮು ಜಾಸ್ತಿ, ಓಡಿದರೆ ಬೇಗ ಸುಸ್ತು. ಅವಳ ಮೈಯೇ ಹಾಗೆ ಅಂದುಕೊಂಡಿದ್ದೆವು. ಅಂಗನವಾಡಿಗೆ ತಪಾಸಣೆಗೆ ಬಂದ ಡಾಕ್ಟರು ಎದೆ ಪರೀಕ್ಷೆ ಮಾಡಿ ಚಿತ್ರದುರ್ಗಕ್ಕೆ ಬರೆದುಕೊಟ್ಟರು. ಅಲ್ಲಿಂದ ಬೆಂಗಳೂರಿಗೆ ಹೋದೆವು. ಎಕೋ ಮಾಡಿ, ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ದೊಡ್ಡ ತೂತಿದೆ, ಅಂಚು ಸಾಲದು, ತೊಡೆಯಿಂದ ನಳಿಗೆ ಹಾಕಿ ಮುಚ್ಚೋಕಾಗಲ್ಲ, ಆಪರೇಷನ್ನೇ ಆಗಬೇಕು ಅಂದರು. ಮುಂದಿನ ತಿಂಗಳು ತಾರೀಕು ಕೊಟ್ಟಿದ್ದಾರೆ. ಶೇಂಗಾ ಕೀಳೋ ಹೊತ್ತಿಗೇ ಬಂದಿದೆ.

ಅವತ್ತು ಡಾಕ್ಟರು, ‘ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳು ಚೆನ್ನಾಗಿ ಮನೆಗೆ ಹೋಗ್ತಾರೆ’ ಅಂದರು. ಉಳಿದ ಆ ಒಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹೆಂಡತಿಗೆ ಹೇಳಿಲ್ಲ. ‘ಸಣ್ಣ ಆಪರೇಷನ್, ಅರ್ಧ ಗಂಟೆ’ ಅಂದಿದ್ದೇನೆ. ಮಗಳಿಗೆ ಬೆಂಗಳೂರು ನೋಡೋಕೆ ಹೋಗೋದು ಅಂದಿದ್ದೇವೆ.

ಮನೆಯ ಹಿರಿಯರು, ತಾಯಿಯನ್ನು ಕರೆದುಕೊಂಡು ಹೋಗಬೇಡ, ಅಲ್ಲಿ ಎದೆ ಒಡೆದುಕೊಳ್ತಾಳೆ, ಗಂಡಸರೇ ಒಂದು ಗಾಡಿ ಮಾಡಿಕೊಂಡು ಹೋಗಿಬರೋಣ ಅಂತಾರೆ. ನನ್ನ ಹೆಂಡತಿ ನನ್ನ ಅಕ್ಕನ ಮಗಳು. ಸಂಬಂಧದಲ್ಲಿ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ಅಕ್ಕ ಅಳುತ್ತಾಳೆ. ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದಳು ಅಂತ ಓಣಿಯವರು ಹೆಂಡತಿಯನ್ನು ಚುಚ್ಚುತ್ತಾರೆ. ನಮ್ಮವ್ವ ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತಿದ್ದಾಳೆ. ಆಸ್ಪತ್ರೆ ಕಾಗದಕ್ಕೆ ಸಹಿ ಹಾಕಬೇಕಲ್ಲ, ಏನಾದರೂ ಆದರೆ ನಾನೇ ಸಹಿ ಹಾಕಿ ಕಳಿಸಿದ ಹಾಗಾಗುತ್ತೆ ಅಂತ ಕೈ ನಡುಗುತ್ತೆ. ಅಷ್ಟು ಹೊತ್ತು ಹೊರಗೆ ಹೇಗೆ ಕೂರಲಿ? ಯಾರ ಮುಂದೆಯೂ ಹೇಳಿಕೊಂಡಿಲ್ಲ. ಹೆಸರು ಹಾಕಬೇಡಿ.

ಉತ್ತರ: ಹೆಂಡತಿಯನ್ನು ಕರೆದುಕೊಂಡು ಹೋಗಿ. ಉಳಿದ ಮಾತೆಲ್ಲ ಇದರ ಹಿಂದೆ ಬರುತ್ತದೆ.

ಹಿರಿಯರು ಕೆಟ್ಟದ್ದು ಬಯಸಿ ಹಾಗೆ ಹೇಳಿದವರಲ್ಲ. ಆ ಹೆಣ್ಣುಮಗಳ ಮೇಲಿನ ಅಕ್ಕರೆಯಿಂದಲೇ ಹೇಳಿದ್ದಾರೆ. ಆದರೂ ಅದು ತಪ್ಪು ನಿರ್ಧಾರ. ಮಗುವಿನ ಎದೆ ತೆರೆಯುವ ದಿನ ಹೆತ್ತವಳನ್ನು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಬಿಟ್ಟರೆ ಆಕೆ ಅಳುವುದು ತಪ್ಪುವುದಿಲ್ಲ. ಒಬ್ಬಳೇ ಅಳುತ್ತಾಳೆ, ಅಷ್ಟೇ. ಆಸ್ಪತ್ರೆಯಲ್ಲಿ ಅತ್ತರೆ ಏನೂ ಕೆಡುವುದಿಲ್ಲ, ಅಲ್ಲಿನವರು ದಿನವೂ ತಾಯಂದಿರ ಕಣ್ಣೀರು ಕಂಡವರು. ಐಸಿಯುನಲ್ಲಿ ಎಚ್ಚರವಾದಾಗ ಮಗು ಹುಡುಕುವ ಮುಖ ಆಕೆಯದು. ಕೆಮ್ಮಿನ ರಾತ್ರಿಗಳಲ್ಲಿ ಎದ್ದು ಕೂತವಳೂ ಆಕೆಯೇ. ಯಾವ ಔಷಧ ಕುಡಿಸಿದರೆ ಉಗುಳುತ್ತಾಳೆ, ನೋವಾದರೆ ಬಾಯಿಬಿಟ್ಟು ಹೇಳುತ್ತಾಳೋ ಮುದುಡಿಕೊಂಡು ಸುಮ್ಮನಾಗುತ್ತಾಳೋ ಎಂದು ನರ್ಸ್ ಕೇಳಿದರೆ ನಿಮಗೆಷ್ಟು ಗೊತ್ತು? ವಾರ್ಡಿಗೆ ಬಂದ ಮೇಲೆ ಮಗುವಿನ ಬಳಿ ಸಾಮಾನ್ಯವಾಗಿ ಒಬ್ಬರನ್ನೇ ಬಿಡುತ್ತಾರೆ, ಅದೂ ಹೆಚ್ಚಾಗಿ ತಾಯಿಯನ್ನೇ.

2003ರ ಜುಲೈಯಲ್ಲಿ ಲಾಹೋರಿನಿಂದ ಎರಡೂವರೆ ವರ್ಷದ ಒಂದು ಹೆಣ್ಣುಮಗು ಹೃದಯದ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದಿತ್ತು. ನಿಂತುಹೋಗಿದ್ದ ದೆಹಲಿ–ಲಾಹೋರ್ ಬಸ್ಸು ಮತ್ತೆ ಶುರುವಾದಾಗ ಅದೇ ಬಸ್ಸಿನಲ್ಲಿ ಬಂದ ಮಗು. ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಆಪರೇಷನ್ ಆಯಿತು, ಮಗು ಗುಣವಾಗಿ ಊರಿಗೆ ಮರಳಿತು. ಗಡಿ ದಾಟಿ ಬರುವಾಗ ತಂದೆ, ತಾಯಿ ಇಬ್ಬರೂ ಜೊತೆಗಿದ್ದರು. ನೀವು ಚಳ್ಳಕೆರೆ, ಹಿರಿಯೂರು ದಾಟಿ ಬರಬೇಕಾದವರು. ತಾಯಿಯನ್ನು ಬಿಟ್ಟು ಬರಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಇನ್ನು ನೀವು ಒಳಗೇ ಇಟ್ಟುಕೊಂಡಿರುವ ಆ ‘ಒಂದು’. ಹೆಂಡತಿಗೆ ನೋವಾಗಬಾರದೆಂದು ಅರ್ಧ ಗಂಟೆ ಎಂದಿರಿ. ಆದರೆ ಆ ದಿನ ಮೂವತ್ತೊಂದನೇ ನಿಮಿಷಕ್ಕೆ ಆಕೆಯ ಸ್ಥಿತಿ ಏನಾಗುತ್ತದೆ, ಯೋಚಿಸಿ. ಓಟಿಯ ಬಾಗಿಲು ದಾಟಿದ ಕೂಡಲೇ ಆಪರೇಷನ್ ಶುರುವಾಗುವುದಿಲ್ಲ. ಅರಿವಳಿಕೆ ಕೊಟ್ಟು, ಉಸಿರಿನ ನಳಿಗೆ ಹಾಕಿ, ಕೈಗೆ, ಕುತ್ತಿಗೆಗೆ ಸೂಜಿ ಕೂರಿಸಿ, ಮಗುವನ್ನು ಅಣಿಮಾಡುವುದಕ್ಕೇ ಒಂದು ಗಂಟೆ ಹಿಡಿಯಬಹುದು. ಆಮೇಲೆ ಎದೆಯ ನಡುಮೂಳೆ ಬಿಡಿಸಿ, ರಕ್ತವನ್ನು ಯಂತ್ರದ ಮೂಲಕ ಹರಿಸಿ, ಹೃದಯವನ್ನು ನಿಲ್ಲಿಸಿ ತೂತು ಮುಚ್ಚುತ್ತಾರೆ. ಎಷ್ಟೋ ಸಲ ಹೃದಯದ ಸುತ್ತಲಿರುವ ಪೊರೆಯದೇ ಒಂದು ತುಂಡನ್ನು ತೇಪೆಯಾಗಿ ಬಳಸುತ್ತಾರೆ. ಆಮೇಲೆ ಹೃದಯ ಮತ್ತೆ ಬಡಿಯತೊಡಗಬೇಕು, ಯಂತ್ರ ಬಿಡಿಸಬೇಕು, ರಕ್ತ ಒಸರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು, ಮೂಳೆಯನ್ನು ತಂತಿಯಿಂದ ಬಿಗಿಯಬೇಕು. ಎಲ್ಲ ಸೇರಿ ಮೂರು, ನಾಲ್ಕು, ಕೆಲವೊಮ್ಮೆ ಐದು ಗಂಟೆ. ತಡವಾಯಿತೆಂದರೆ ಕೆಟ್ಟದ್ದಾಯಿತೆಂದು ಅರ್ಥವಲ್ಲ. ಇದು ಮೊದಲೇ ಗೊತ್ತಿದ್ದ ತಾಯಿ ನಾಲ್ಕು ಗಂಟೆ ಕೂರಬಲ್ಲಳು. ಅರ್ಧ ಗಂಟೆ ಎಂದು ನಂಬಿ ಬಂದವಳು ಮಿಕ್ಕ ಹೊತ್ತನ್ನೆಲ್ಲ ಮಗಳು ಹೋದಳೆಂದೇ ನಂಬಿ ಕಳೆಯುತ್ತಾಳೆ, ನಿಮ್ಮ ಯಾವ ಮಾತೂ ಆಗ ಆಕೆಯನ್ನು ತಲುಪುವುದಿಲ್ಲ.

ಆ ಒಂದನ್ನೂ ಹೇಳಿ, ತೊಂಬತ್ತೊಂಬತ್ತನ್ನೂ ಹೇಳಿ. ನಾನು ಸುಳ್ಳು ಭರವಸೆ ಕೊಡಲಾರೆ, ಆ ಒಂದು ಇದೆ. ಒಂದು ವೇಳೆ ಕೇಳಬಾರದ ಮಾತು ಕೇಳಬೇಕಾಗಿ ಬಂದರೆ, ಅದನ್ನು ಫೋನಿನಲ್ಲಿ ಕೇಳಿದ ತಾಯಿಗೂ ಅಲ್ಲೇ ಇದ್ದು ಕೇಳಿದ ತಾಯಿಗೂ ಮುಂದಿನ ಬದುಕೇ ಬೇರೆಯಾಗುತ್ತದೆ. ನನ್ನನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ ಎಂಬ ಪ್ರಶ್ನೆಗೆ ನಿಮ್ಮ ಬಳಿ ಯಾವ ಕಾಲಕ್ಕೂ ಉತ್ತರವಿರುವುದಿಲ್ಲ.

ಹೆದರಿಕೆಗೆ ಮದ್ದಾಗಲಿ ಎಂದು ಸ್ವಲ್ಪ ಹಿಂದಿನ ಕತೆ ಹೇಳುತ್ತೇನೆ. 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನ್ ಲೂಯಿಸ್ ಎಂಬ ಸರ್ಜನ್, ಐದು ವರ್ಷದ ಹುಡುಗಿಯೊಬ್ಬಳ ಮೈಯನ್ನು ತಣ್ಣಗಾಗಿಸಿ, ಹೃದಯ ತೆರೆದು ಕಣ್ಣಾರೆ ನೋಡುತ್ತಾ ತೂತು ಹೊಲಿದರು. ನಿಮ್ಮ ಮಗಳದೇ ವಯಸ್ಸು, ಅದೇ ಮೇಲಿನ ಕೋಣೆಗಳ ನಡುವಿನ ತೂತು. ಆ ಹುಡುಗಿ ಬದುಕಿದಳು. ಮರುವರ್ಷ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ತಾವೇ ರೂಪಿಸಿದ ಹೃದಯ–ಶ್ವಾಸಕೋಶ ಯಂತ್ರದ ನೆರವಿನಿಂದ ಹದಿನೆಂಟು ವರ್ಷದ ಹುಡುಗಿಯ ಇದೇ ತೂತು ಮುಚ್ಚಿದರು. 26 ನಿಮಿಷ ಅವಳ ಹೃದಯ, ಶ್ವಾಸಕೋಶಗಳ ಕೆಲಸವನ್ನು ಪೂರ್ತಿಯಾಗಿ ಯಂತ್ರವೇ ಮಾಡಿತು. ಜಗತ್ತಿನ ವೈದ್ಯರು ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ಕೈಹಾಕಿದ್ದೇ ನಿಮ್ಮ ಮಗಳಿಗಿರುವ ಈ ತೊಂದರೆಯಿಂದ. ಎಪ್ಪತ್ತು ವರ್ಷಕ್ಕೂ ಮೀರಿ ಪಳಗಿದ ಕೆಲಸ ಇದು.

1954ರಲ್ಲಿ ಮಿನ್ನೆಸೋಟದಲ್ಲೇ ಲಿಲ್ಲೆಹೈ ಎಂಬ ಇನ್ನೊಬ್ಬ ಸರ್ಜನ್, ಯಂತ್ರವಿಲ್ಲದೆ ಮಕ್ಕಳ ಹೃದಯ ರಿಪೇರಿ ಮಾಡಲು ಹೊರಟರು. ಮಗುವಿನ ಪಕ್ಕದ ಮೇಜಿನ ಮೇಲೆ ಹೆಚ್ಚಾಗಿ ತಂದೆಯನ್ನೋ ತಾಯಿಯನ್ನೋ ಮಲಗಿಸಿ, ಇಬ್ಬರ ರಕ್ತನಾಳಗಳಿಗೂ ನಳಿಗೆ ಜೋಡಿಸಿ, ಮಗುವಿನ ರಕ್ತ ಹೆತ್ತವರ ಮೈಯಲ್ಲಿ ಹಾದು ಶುದ್ಧವಾಗಿ ಬರುವಂತೆ ಮಾಡಿದರು. ಕೆಲವು ಮಕ್ಕಳು ಉಳಿದರು, ಕೆಲವು ಉಳಿಯಲಿಲ್ಲ. ಆ ಮೇಜಿನ ಮೇಲೆ ಮಲಗು ಎಂದರೆ ನೀವಿಬ್ಬರೂ ಹಿಂದುಮುಂದು ನೋಡುವವರಲ್ಲ, ನನಗೆ ಗೊತ್ತು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ, ಹೆತ್ತವರು ಹೊರಗಿನ ಬೆಂಚಿನ ಮೇಲೆ ಕೂರುತ್ತಾರೆ. ಏನೂ ಮಾಡದೆ ಕೂತಿದ್ದೇವೆಂಬ ಸಂಕಟ ಅಲ್ಲಿಂದಲೇ ಬರುವುದು. ಆ ಸಂಕಟವನ್ನು ನಿಮ್ಮ ಅಸಹಾಯಕತೆ ಎಂದು ಬಗೆಯಬೇಡಿ.

ಅಕ್ಕನಿಗೂ ಹೆಂಡತಿಗೂ ಒಂದೇ ಮಾತು ಹೇಳಬೇಕಾಗಿದೆ. ನೂರು ಮಕ್ಕಳು ಹುಟ್ಟಿದರೆ ಸುಮಾರು ಒಂದು ಮಗುವಿಗೆ ಹೃದಯದಲ್ಲಿ ಏನಾದರೊಂದು ಊನ ಇರುತ್ತದೆ. ಯಾವ ದೇಶದಲ್ಲೂ, ಯಾವ ಜಾತಿಯಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಹೃದಯದ ಕೋಣೆಗಳು ರೂಪುಗೊಳ್ಳುವುದು ಬಸುರಿನ ಮೊದಲ ಎಂಟು ವಾರಗಳಲ್ಲಿ. ಎಷ್ಟೋ ಹೆಂಗಸರಿಗೆ ಬಸುರು ನಿಂತದ್ದೇ ಆಗ ಗಟ್ಟಿಯಾಗಿ ಗೊತ್ತಿರುವುದಿಲ್ಲ. ಸೂರ್ಯನಿಗೋ ಚಂದ್ರನಿಗೋ ಗ್ರಹಣ ಹಿಡಿದರೆ ಮಗುವಿನ ಹೃದಯದಲ್ಲಿ ತೂತಾಗುವುದಿಲ್ಲ. ಓಣಿಯವರಿಗೆ ಇದನ್ನು ನೀವೇ ಹೇಳಬೇಕು. ಹೆಂಡತಿಯ ಮೇಲೆ ಬಂದ ಮಾತಿಗೆ ಗಂಡ ಅಡ್ಡ ನಿಂತರೆ ಆಕೆಗೆ ಬರುವ ಬಲ ಬೇರೆ ಯಾವುದರಿಂದಲೂ ಬರುವುದಿಲ್ಲ.

ಸಂಬಂಧದ ಮದುವೆಯ ವಿಷಯದಲ್ಲಿ ಮಾತ್ರ ಪೂರ್ತಿ ಅಲ್ಲಗಳೆಯಲಾರೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಇಂಥ ಊನಗಳ ಸಾಧ್ಯತೆ ಸ್ವಲ್ಪ ಏರುತ್ತದೆ ಎಂಬುದು ನಿಜ. ಆದರೆ ಹಾಗೆ ಮದುವೆಯಾದ ಬಹುಪಾಲು ಮನೆಗಳಲ್ಲಿ ಮಕ್ಕಳ ಹೃದಯ ಚೆನ್ನಾಗಿಯೇ ಇರುತ್ತದೆ. ಯಾವ ಸಂಬಂಧವೂ ಇಲ್ಲದ ಗಂಡಹೆಂಡಿರ ಮಕ್ಕಳಿಗೂ ಈ ತೂತು ಬರುತ್ತದೆ. ನಿಮ್ಮ ಮಗಳಿಗೆ ಯಾಕೆ ಬಂತೆಂದು ಯಾವ ಡಾಕ್ಟರೂ ಬೆರಳು ಮಾಡಿ ತೋರಿಸಲಾರರು. ಮಗಳು ಕಣ್ಣ ಮುಂದೆಯೇ ಇರಲಿ ಎಂಬ ಆಸೆಯಿಂದ ತಮ್ಮನಿಗೆ ಕೊಟ್ಟ ಅಕ್ಕ ಆಕೆ, ಅಪರಾಧಿಯಲ್ಲ. ಮುಂದೆ ಮನೆಯಲ್ಲಿ ಹೆಣ್ಣು ಗಂಡು ನೋಡುವಾಗ ಈ ವಿಷಯ ನೆನಪಿರಲಿ. ನಿಮಗೆ ಇನ್ನೊಂದು ಮಗು ಬೇಕೆನಿಸಿದರೆ ಮೊದಲೇ ಡಾಕ್ಟರಿಗೆ ತಿಳಿಸಿ, ಐದನೇ ತಿಂಗಳ ಹೊತ್ತಿಗೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಎಕೋ ಮಾಡಿಸಿ. ಈಗಿರುವ ಮಗನ ಎದೆಯನ್ನೂ ಒಮ್ಮೆ ತೋರಿಸಿಬಿಡಿ.

ಮಗಳಿಗೆ ಹೇಳಿದ ಸುಳ್ಳು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಬೆಂಗಳೂರು ನೋಡಲು ಹೊರಟ ಮಗು ಸೂಜಿಗೆ ಕೈಯೊಡ್ಡಬೇಕು, ಹಸಿದಿರಬೇಕು, ಅಪ್ಪ ಅಮ್ಮನನ್ನು ಬಿಟ್ಟು ಅಪರಿಚಿತರ ಕೈ ಹಿಡಿದು ಬಾಗಿಲು ದಾಟಬೇಕು. ಆ ಹೊತ್ತಿಗೆ ನೀವು ಹೇಳುವ ನಿಜವನ್ನೂ ಅವಳು ನಂಬುವುದಿಲ್ಲ. ಐದು ವರ್ಷದ ಮಕ್ಕಳಿಗೆ ಇನ್ನೊಂದು ಯೋಚನೆಯೂ ಬರುತ್ತದೆ: ನಾನು ಮಾತು ಕೇಳಲಿಲ್ಲ, ಅದಕ್ಕೇ ಶಿಕ್ಷೆ. ನಮ್ಮ ಮನೆಗಳಲ್ಲಿ ‘ಗಲಾಟೆ ಮಾಡಿದರೆ ಡಾಕ್ಟರ ಹತ್ತಿರ ಸೂಜಿ ಹಾಕಿಸ್ತೀನಿ’ ಎಂದು ಹೆದರಿಸುವುದು ರೂಢಿ. ಆ ಮಾತನ್ನು ಇವತ್ತಿಗೇ ನಿಲ್ಲಿಸಿ.

ಹೊರಡುವ ನಾಲ್ಕೈದು ದಿನ ಮೊದಲು, ಇಬ್ಬರೂ ಕೂತು, ನಿಮ್ಮ ಮನೆಮಾತಿನಲ್ಲಿ ಹೇಳಿ. ‘ನಿನ್ನ ಎದೆಯೊಳಗೆ ಒಂದು ತೂತಿದೆ. ಅದಕ್ಕೇ ಓಡಿದರೆ ನಿನಗೆ ಸುಸ್ತಾಗೋದು. ಡಾಕ್ಟರು ಅದನ್ನ ಮುಚ್ಚುತ್ತಾರೆ. ಔಷಧ ಕೊಟ್ಟು ನಿದ್ದೆ ಬರಿಸ್ತಾರೆ, ರಾತ್ರಿ ನಿದ್ದೆಯ ಹಾಗಲ್ಲ ಅದು, ಒಳಗೆ ಏನು ಮಾಡಿದರೂ ನಿನಗೆ ಗೊತ್ತಾಗಲ್ಲ. ಕೆಲಸ ಮುಗಿದ ಮೇಲೆ ಅವರೇ ಎಬ್ಬಿಸ್ತಾರೆ. ಎದ್ದಾಗ ಬಾಯಲ್ಲಿ ಪೈಪ್ ಇರುತ್ತೆ, ಮಾತಾಡೋಕಾಗಲ್ಲ, ಆಮೇಲೆ ತೆಗೀತಾರೆ. ಎದೆ ನೋಯುತ್ತೆ, ನೋವಿಗೆ ಔಷಧ ಕೊಡ್ತಾರೆ. ನೀನು ಯಾವ ತಪ್ಪೂ ಮಾಡಿಲ್ಲ. ನಾವು ಹೊರಗೇ ಇರ್ತೀವಿ, ಎಲ್ಲೂ ಹೋಗಲ್ಲ.’ ಇಷ್ಟು ಸಾಕು. ಕೇಳಿದ್ದಕ್ಕೆಲ್ಲ ಉತ್ತರ ಕೊಡಿ, ಕೇಳದ್ದನ್ನು ತುರುಕಬೇಡಿ. ಸೂಜಿ ಚುಚ್ಚಲ್ಲ ಎಂದು ಮಾತ್ರ ಹೇಳಬೇಡಿ, ಚುಚ್ಚುತ್ತಾರೆ. ಅವಳ ಬೊಂಬೆಯೋ ಮಲಗುವಾಗ ಹಿಡಿಯುವ ಬಟ್ಟೆಯೋ ಇದ್ದರೆ ಒಗೆದು ಜೊತೆಗೆ ತೆಗೆದುಕೊಳ್ಳಿ. ಅಣ್ಣನಿಗೂ ಇದೇ ನಿಜ ಗೊತ್ತಿರಲಿ. ಮೂರನೇ ಕ್ಲಾಸಿನ ಹುಡುಗ ದೊಡ್ಡವರ ಪಿಸುಮಾತನ್ನೆಲ್ಲ ಕೇಳಿಸಿಕೊಳ್ಳುತ್ತಾನೆ, ತಂಗಿಗೆ ಏನೋ ದೊಡ್ಡದಾಗಿದೆ ಎಂದು ಒಳಗೇ ನವೆಯುತ್ತಾನೆ.

ಸಹಿಯ ವಿಷಯ. ಆ ಕಾಗದ, ಆಗುವುದು ಹೋಗುವುದನ್ನೆಲ್ಲ ನಿಮ್ಮ ತಲೆಗೆ ಕಟ್ಟುವ ಪತ್ರವಲ್ಲ. ಏನು ಮಾಡುತ್ತೇವೆ, ಏನು ತೊಂದರೆ ಬರಬಹುದು ಎಂದು ಡಾಕ್ಟರು ತಿಳಿಸಿದ್ದಾರೆ, ನಾವು ಒಪ್ಪಿದ್ದೇವೆ ಎಂಬುದಕ್ಕೆ ಗುರುತು. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ವಿವರಿಸಿ ಎಂದು ಕೇಳಿ. ಅದು ನಿಮ್ಮ ಹಕ್ಕು, ಸಂಕೋಚ ಬೇಡ. ವಿವರಿಸುವಾಗ ಹೆಂಡತಿಯೂ ಪಕ್ಕದಲ್ಲಿರಲಿ. ದೊಡ್ಡ ತೂತನ್ನು ಹಾಗೇ ಬಿಟ್ಟರೆ ವರ್ಷಗಳು ಕಳೆದಂತೆ ಹೃದಯದ ಬಲಭಾಗ ಹಿಗ್ಗಿ, ಶ್ವಾಸಕೋಶದ ರಕ್ತದೊತ್ತಡ ಏರಿ, ಆಪರೇಷನ್ ಮಾಡಲಾಗದ ಸ್ಥಿತಿಯೂ ಬರಬಹುದು. ಸಹಿ ಹಾಕದಿರುವುದರಲ್ಲೂ ಅಪಾಯವಿದೆ, ಅದೂ ದೊಡ್ಡ ಅಪಾಯ.

ಆ ದಿನಕ್ಕೆ ಬರೋಣ. ಗಾಡಿ ತುಂಬ ಗಂಡಸರು ಬೇಡ. ನೀವಿಬ್ಬರು, ಜೊತೆಗೆ ಓಡಾಡಲು ಒಬ್ಬರು ಸಾಕು. ಬ್ಲಡ್ ಬ್ಯಾಂಕಿನವರು ರಕ್ತ ಕೊಡುವವರನ್ನು ಕೇಳಿದರೆ ಮಾತ್ರ, ಅವರು ಹೇಳಿದ ದಿನ, ಹೇಳಿದಷ್ಟು ಜನ ಬಂದು ಕೊಟ್ಟು ಹೋಗಲಿ. ಉಳಿದ ಅಣ್ಣತಮ್ಮಂದಿರಿಗೆ ನಿಮ್ಮ ಹೊಲ ವಹಿಸಿ. ಶೇಂಗಾ ಕೀಳುವುದು ಎರಡು ವಾರ ತಡವಾದರೆ ಕಾಯಿ ನೆಲದಲ್ಲೇ ಉಳಿಯುತ್ತದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಬೀಡಿ ಸೇದಲು ಹೊರಗೊಳಗೆ ಓಡಾಡುವ ಹತ್ತು ಜನರಿಗಿಂತ, ನಿಮ್ಮ ಶೇಂಗಾ ಕಿತ್ತು ಬಣವೆ ಒಟ್ಟುವ ಇಬ್ಬರು ಮಗುವಿಗೆ ಹೆಚ್ಚು ಉಪಕಾರ ಮಾಡಿದವರು.

ಮಗುವನ್ನು ಒಳಗೆ ಕರೆದೊಯ್ಯುವ ಮೊದಲೇ ಕೇಳಿಟ್ಟುಕೊಳ್ಳಿ: ಸುದ್ದಿ ಯಾರು ಹೇಳುತ್ತಾರೆ, ಹೆಸರು ಎಲ್ಲಿ ಕೂಗುತ್ತಾರೆ, ಯಾವ ನಂಬರಿಗೆ ಫೋನ್ ಮಾಡುತ್ತಾರೆ. ಯಂತ್ರಕ್ಕೆ ಹಾಕಿದಾಗ, ಯಂತ್ರದಿಂದ ಬಿಡಿಸಿದಾಗ ಒಂದು ಮಾತು ತಿಳಿಸಲು ಸಾಧ್ಯವೇ ಎಂದು ವಿನಯದಿಂದ ಕೇಳಬಹುದು. ಎಲ್ಲ ಕಡೆ ಹೇಳುವುದಿಲ್ಲ, ಹೇಳುವ ಕಡೆ ಅದು ದೊಡ್ಡ ಸಮಾಧಾನ. ಊರಿಗೆ ಸುದ್ದಿ ಕೊಡಲು ಒಬ್ಬರನ್ನೇ ಗೊತ್ತುಮಾಡಿ. ಜೊತೆಗೆ ಬಂದವರು ಅವರಿಗೆ ಫೋನ್ ಮಾಡಲಿ, ಅವರು ಉಳಿದವರಿಗೆ ಹೇಳಲಿ. ಇಲ್ಲದಿದ್ದರೆ ಏನಾಯ್ತು ಏನಾಯ್ತು ಎಂಬ ಫೋನುಗಳಿಗೆ ಉತ್ತರ ಕೊಡುವುದರಲ್ಲೇ ನೀವು ಸೋತುಹೋಗುತ್ತೀರಿ. ಇಬ್ಬರೂ ಹೊಟ್ಟೆಗೆ ಏನಾದರೂ ಹಾಕಿಕೊಳ್ಳಿ. ಅವ್ವನ ಹರಕೆ ಇರಲಿ, ಅದು ಆಕೆಗೆ ಆಸರೆ. ಮಾರಮ್ಮನ ಬಂಡಾರವನ್ನು ನೀವು ಹಣೆಗಿಟ್ಟುಕೊಳ್ಳಿ. ಮಗುವಿನ ಮೈಮೇಲೆ ದಾರ, ತಾಯಿತ, ಬಂಡಾರ ಏನಿದ್ದರೂ ನರ್ಸನ್ನು ಕೇಳದೆ ಬೇಡ. ಹೆಂಡತಿ ಉಪವಾಸದ ಹರಕೆ ಹೊರುವುದು ಮಾತ್ರ ಬೇಡ, ಮುಂದಿನ ರಾತ್ರಿಗಳಿಗೆ ಆಕೆಗೆ ಕಸುವು ಬೇಕು. ಕಾಯುವಾಗ ಮೊಬೈಲಿನಲ್ಲಿ ಆಪರೇಷನ್ನಿನ ವಿಡಿಯೋ ನೋಡಬೇಡಿ. ಪಕ್ಕದಲ್ಲಿ ಕೂತವರ ಮಗುವಿನ ಕತೆ ಕೇಳಿ ನಿಮ್ಮ ಮಗುವಿನ ಭವಿಷ್ಯ ಅಳೆಯಬೇಡಿ, ಅವರ ಕಾಯಿಲೆಯೇ ಬೇರೆ ಇರಬಹುದು. ಹೆದರಿಕೆಯಲ್ಲಿ ಗಂಡಹೆಂಡಿರ ನಡುವೆ ಬಿರುನುಡಿ ಬಂದೀತು. ಆ ದಿನದ ಮಾತನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳಬಾರದೆಂದು ಮೊದಲೇ ಒಪ್ಪಂದ ಮಾಡಿಕೊಂಡುಬಿಡಿ.

ಐಸಿಯುನಲ್ಲಿ ಮೊದಲ ಸಲ ನೋಡುವಾಗ ಎದೆ ಝಲ್ಲೆನ್ನುತ್ತದೆ. ಮುಖ ಊದಿರಬಹುದು. ಬಾಯಲ್ಲಿ ನಳಿಗೆ, ಎದೆಯ ಕೆಳಗಿಂದ ಕೆಂಪು ನೀರು ಹೋಗುವ ನಳಿಗೆ, ಮೂತ್ರದ ನಳಿಗೆ, ಸುತ್ತ ಕೂಗುವ ಯಂತ್ರಗಳು. ಇವೆಲ್ಲ ಇರಬೇಕಾದವು. ಒಂದೊಂದಾಗಿ ತೆಗೆಯುತ್ತಾರೆ, ಒಂದೊಂದು ತೆಗೆದಾಗಲೂ ಮಗು ಮನೆಗೆ ಅಷ್ಟು ಹತ್ತಿರ. ಕೈ ತೊಳೆದು ಹೋಗಿ, ಮುಟ್ಟಬಹುದೇ ಎಂದು ಕೇಳಿ ಅಂಗೈ ಹಿಡಿಯಿರಿ, ಹೆಸರು ಹಿಡಿದು ಕರೆಯಿರಿ. ಎಲ್ಲ ಸರಿಯಾಗಿದ್ದರೆ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮನೆಗೆ ಕಳಿಸುತ್ತಾರೆ. ಎದೆಮೂಳೆ ಕೂಡಲು ಆರು ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈಹಾಕಿ ಎತ್ತಬಾರದು, ಕೆಳಗೆ ಕೈಕೊಟ್ಟು ಎತ್ತಬೇಕು. ಊರಿಗೆ ಬಂದ ದಿನ ಮಗುವನ್ನು ಎತ್ತಿ ಮುದ್ದಾಡಲು ಬರುವ ಅಜ್ಜಿ, ಅತ್ತೆಯಂದಿರಿಗೆಲ್ಲ ಇದನ್ನು ಮೊದಲೇ ಹೇಳಿ. ಇನ್ನೊಂದು ಮಾತು: ತಾರೀಕಿನ ಹೊತ್ತಿಗೆ ಮಗುವಿಗೆ ನೆಗಡಿ, ಜ್ವರ ಬಂದರೆ ಮುಚ್ಚಿಡಬೇಡಿ. ಮುಂದಕ್ಕೆ ಹಾಕುತ್ತಾರೆ, ಅದು ಮಗುವಿನ ಒಳಿತಿಗೇ.

ದುಡ್ಡಿನ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಅಂಗನವಾಡಿಗೆ ಬಂದ ತಂಡ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. ಹುಟ್ಟಿನಿಂದ ಬಂದ ಹೃದಯದ ಊನ ಅದರ ಪಟ್ಟಿಯಲ್ಲಿದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ರೆಫರಲ್ ಚೀಟಿ, ಕಾರ್ಡು, ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕಾಣಿ. ಕುರಿ ಮಾರುವ ಮೊದಲು ಈ ಕೆಲಸ ಮಾಡಿ. ಹಾಗೆಯೇ, ಜೊತೆಗೆ ಬಂದವರಿಗೆ ತಂಗಲು ಎಲ್ಲಿ ಜಾಗವಿದೆ ಎಂದೂ ಕೇಳಿ.

ಇಷ್ಟೆಲ್ಲ ಬರೆದು ನಿಮ್ಮನ್ನೇ ಮರೆತರೆ ತಪ್ಪಾಗುತ್ತದೆ. ಮಗಳು, ಹೆಂಡತಿ, ಅಕ್ಕ, ಅವ್ವ, ಹೊಲ ಎಲ್ಲರ ಭಯವನ್ನೂ ನೀವೊಬ್ಬರೇ ಹೊತ್ತು, ನಗುಮುಖ ಮಾಡಿಕೊಂಡು ಓಡಾಡುತ್ತಿದ್ದೀರಿ. ಹೆಂಡತಿಯ ಎದೆ ಒಡೆದೀತೆಂದು ಮನೆಯವರೆಲ್ಲ ಹೆದರಿದ್ದಾರೆ. ನಿಮ್ಮದು ಒಡೆಯುತ್ತಿರುವುದು ಯಾರಿಗೂ ಕಂಡಿಲ್ಲ. ನಿದ್ದೆ ಬಾರದಿದ್ದರೆ, ಕುಡಿತದ ಕಡೆಗೆ ಮನಸ್ಸು ಎಳೆದರೆ, ಇನ್ನು ತಡೆಯಲಾರೆ ಎನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅದಕ್ಕೂ ಮೊದಲು, ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ, ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೆಂಡತಿಗೆ ಹೇಳಿ. ನನಗೂ ಭಯವಾಗಿದೆ ಎಂಬುದನ್ನೂ ಹೇಳಿ. ನಾಳೆ ಬೆಳಿಗ್ಗೆ ಹಿರಿಯರ ಮುಂದೆ ಇಬ್ಬರೂ ಒಟ್ಟಿಗೆ ನಿಂತು, ನಾವಿಬ್ಬರೂ ಹೋಗುತ್ತೇವೆ, ನೀವು ಹೊಲ ಮತ್ತು ಹುಡುಗನನ್ನು ನೋಡಿಕೊಳ್ಳಿ ಎಂದು ಕೇಳಿಕೊಳ್ಳಿ.